ಗಟ್ಟಿ ಸ್ಟಿಯರಿಂಗ್

ಫೆಬ್ರವರಿ ೯

ಅಪ್ಪಾ,

ಮೊನ್ನೆ ಫೋನಿನಲ್ಲಿ ನಾನು ಕಿರುಚಿದ್ದು ನಮ್ಮ ಓಣಿಗೆಲ್ಲ ಕೇಳಿಸಿತು, ನಿನ್ನೊಬ್ಬನಿಗೆ ಕೇಳಿಸಲಿಲ್ಲ. ಕೊನೆಗೆ ಅತ್ತೆ ನಿನ್ನ ಕಿವಿಗೆ ಬಾಯಿಟ್ಟು "ಕಾರು ಕಣೋ, ಕಾರು" ಅಂತ ಕೂಗಿದರೆ ನೀನು "ಯಾರು? ಯಾರು ಬಂದ್ರು?" ಅಂದೆ. ಅಲ್ಲಿಗೆ ಸಾಕೆನಿಸಿ ಕಾಗದ ಬರೆಯಲು ಕೂತಿದ್ದೇನೆ. ಬಸ್ಸಿನ ಇಂಜಿನ್ನು ನಿನ್ನ ಕಿವಿ ತಿಂದು ಹಾಕಿತು ಎಂದು ಅಮ್ಮ ಹೇಳುತ್ತಿದ್ದಳು. ಕಣ್ಣಾದರೂ ಉಳಿದಿದೆಯಲ್ಲ, ಓದು.

ಕಾರು ಕೊಳ್ಳುತ್ತಿದ್ದೇನೆ. ಹೊಸದಲ್ಲ, ಚಿಕ್ಕದು, ಸಾಕಷ್ಟು ಹಳೆಯದು. ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನನ್ನ ಕೆಲಸ ಈಗ ಊರಾಚೆಯ ಬಡಾವಣೆಗಳವರೆಗೂ ಹಬ್ಬಿದೆ. ಮೊದಲಾದರೆ ಇವರು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಹೋದ ವರ್ಷ ಅಂಗಡಿಯೊಂದರ ಬೋರ್ಡು ಬರೆಯುವಾಗ ಅಟ್ಟಣಿಗೆಯಿಂದ ಬಿದ್ದ ಮೇಲೆ ಸ್ಕೂಟರಿಗೆ ಧೂಳು ಹಿಡಿದಿದೆ. ಹೆಗಲಿಗೊಂದು ಚೀಲ, ಕೈಗೊಂದು ಚೀಲ ಹೊತ್ತು ಬಸ್ಸು ಬದಲಿಸಿ ಬದಲಿಸಿ ಹೋಗುವಷ್ಟರಲ್ಲಿ ರೋಗಿಗಿಂತ ಮೊದಲು ನಾನು ಮಲಗಬೇಕು ಅನ್ನಿಸುತ್ತದೆ. ಲೈಸೆನ್ಸ್ ಆಗಲೇ ಮಾಡಿಸಿದ್ದೇನೆ. ನೀನು ಕಲಿಸಲಿಲ್ಲ, ದುಡ್ಡು ಕೊಟ್ಟು ಕಲಿತೆ.

ಎರಡು ಗಾಡಿ ನೋಡಿದ್ದೇವೆ. ಒಂದೇ ಕಂಪನಿ, ಒಂದೇ ಮಾದರಿ, ಬೆಲೆಯಲ್ಲೂ ವ್ಯತ್ಯಾಸ ಇಲ್ಲ. ಒಂದು ಶಾಲೆಯ ಮೇಷ್ಟರದು, ಅದಕ್ಕೆ ಪವರ್ ಸ್ಟಿಯರಿಂಗ್ ಇಲ್ಲ. ಇನ್ನೊಂದು ಔಷಧದಂಗಡಿಯವರದು, ಅದಕ್ಕೆ ಇದೆ. ಔಷಧದಂಗಡಿಯ ಗಾಡಿಯನ್ನು ನಿಂತಲ್ಲೇ ಒಂದು ಕೈಯಲ್ಲಿ ತಿರುಗಿಸಬಹುದು. ಮೇಷ್ಟರ ಗಾಡಿ ತಿರುಗಿಸಲು ಹೋಗಿ ನಾನು ಸೀಟಿನಿಂದ ಎದ್ದೇ ಬಿಟ್ಟೆ. ಆದರೆ ಅದರ ಇಂಜಿನ್ನು ಸದ್ದಿಲ್ಲದೆ ಓಡುತ್ತದೆ. ಇವರು ಔಷಧದಂಗಡಿಯ ಗಾಡಿಯ ಬಾಗಿಲಿಗೆ ಒರಗಿ ಬಹಳ ಹೊತ್ತು ನಿಂತಿದ್ದರು.

ಯಾವುದು ತೆಗೆದುಕೊಳ್ಳಲಿ? ಓಡಿಸುವವಳು ನಾನು. ಬೇಗ ಬರೆ, ಇಬ್ಬರೂ ಕಾಯುವವರಲ್ಲ.

ಇವರ ಕೈ ಹಾಗೇ ಇದೆ. ವ್ಯಾಯಾಮ ನಡೆದಿದೆ.

ನಿನ್ನ ಮಗಳು

* * *

ಫೆಬ್ರವರಿ ೧೬

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ಕಾರಿನ ಮಾತು ಬಂದ ಮೇಲೆ ನಿಮ್ಮತ್ತೆ ಹೊಲಿಗೆ ಮಿಷನ್ನು ನಿಲ್ಲಿಸಿ "ಈ ವಯಸ್ಸಲ್ಲಿ ಅವಳಿಗ್ಯಾಕೆ ಕಾರು" ಎಂದಳು. ನಿನಗೆ ಯಾವ ವಯಸ್ಸು ಎಂದು ಅವಳು ತಿಳಿದಿದ್ದಾಳೋ ಗೊತ್ತಿಲ್ಲ.

ಪವರ್ ಬೇಡ. ಮೇಷ್ಟರ ಗಾಡಿ ತಗೊ.

ಯಾಕೆ ಎಂದು ಹೇಳುತ್ತೇನೆ ಕೇಳು. ಪವರ್ ಎಂದರೆ ಒಂದು ಪಂಪು, ಅದಕ್ಕೊಂದು ಬೆಲ್ಟು, ಎಣ್ಣೆ ಹೋಗಲೊಂದು ಪೈಪು, ಬರಲೊಂದು ಪೈಪು. ಹಳೆಯ ಗಾಡಿಯಲ್ಲಿ ಇವೆಲ್ಲ ಒಂದಾದ ಮೇಲೊಂದು ಸೋರುತ್ತವೆ. ನಡುರಸ್ತೆಯಲ್ಲಿ ಬೆಲ್ಟು ಹರಿದರೆ ಸ್ಟಿಯರಿಂಗು ಕಲ್ಲಾಗುತ್ತದೆ, ಮಾಮೂಲಿ ಗಾಡಿಗಿಂತಲೂ ಗಟ್ಟಿ. ಇಲ್ಲದ್ದು ಕೆಡುವುದಿಲ್ಲ. ಇದು ನನ್ನ ಸಿದ್ಧಾಂತ.

ಎರಡನೆಯದು, ಪವರ್ ಇಲ್ಲದ ಸ್ಟಿಯರಿಂಗು ಸುಳ್ಳು ಹೇಳುವುದಿಲ್ಲ. ಗಾಳಿ ಕಮ್ಮಿಯಾದರೆ, ರಸ್ತೆ ಜಾರಿದರೆ, ಕಲ್ಲು ಹತ್ತಿದರೆ ಅಂಗೈಗೆ ಮೊದಲು ಗೊತ್ತಾಗುತ್ತದೆ. ನಾನು ಓಡಿಸಿದ ಬಸ್ಸುಗಳಲ್ಲಿ ಪವರ್ ಎಲ್ಲಿತ್ತು? ತಿರುಗಿಸಿ ತಿರುಗಿಸಿ ನನ್ನ ತೋಳು ಊದಿ, ನಿಮ್ಮಮ್ಮ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದಳು. ನಿನಗೆ ನಿಂತ ಗಾಡಿ ತಿರುಗಿಸಲು ಕಷ್ಟವಾಗಿದೆ. ನಿಂತಾಗ ತಿರುಗಿಸಲೇಬಾರದು. ಗಾಡಿ ಒಂದು ಗೇಣು ಉರುಳಲಿ, ಆಗ ತಿರುಗಿಸು. ಬೆಣ್ಣೆಯ ಹಾಗೆ ಬರುತ್ತದೆ. ಚಕ್ರದಲ್ಲಿ ಗಾಳಿ ಸರಿಯಾಗಿರಲಿ.

ನಿನಗೆ ಕಲಿಸಲಿಲ್ಲ ಎಂದು ಚುಚ್ಚಿದ್ದೀಯ. ಕಲಿಸಬೇಕಿತ್ತು. ಅದು ಬಿಡು.

ಅಳಿಯಂದಿರು ಏನೆನ್ನುತ್ತಾರೆ? ಅದನ್ನು ನೀನು ಬರೆದೇ ಇಲ್ಲ.

ಅಪ್ಪ

* * *

ಮಾರ್ಚ್ ೬

ಅಪ್ಪಾ,

ಮೇಷ್ಟರ ಗಾಡಿ ಈಗ ನಮ್ಮ ಮನೆಯ ಮುಂದೆ ನಿಂತಿದೆ. ನೀನು ಹೇಳಿದ ಹಾಗೇ ಮಾಡಿದೆ. ಉರುಳಲು ಬಿಟ್ಟು ತಿರುಗಿಸಿದೆ. ಬೆಣ್ಣೆಯಂತೇನೂ ಬರಲಿಲ್ಲ, ಗಟ್ಟಿ ಬೆಲ್ಲದಂತೆ ಬಂತು. ಆದರೂ ಬಂತು.

ಅಪ್ಪಾ, ನಿನಗೆ ಹೇಗೆ ಹೇಳಲಿ. ಮೊದಲ ದಿನ ಊರಾಚೆಯ ದೊಡ್ಡ ತಿರುವಿನಲ್ಲಿ ಗಾಡಿ ನನ್ನ ಕೈಯನ್ನು ತನ್ನ ಕಡೆಗೆ ಎಳೆಯಿತು, ನಾನು ನನ್ನ ಕಡೆಗೆ ಎಳೆದೆ, ತಿರುವು ಮುಗಿದ ಮೇಲೆ ಅದೇ ತಾನಾಗಿ ನೇರವಾಯಿತು. ನನಗೆ ನಗು ಬಂತು. ಒಬ್ಬಳೇ ನಕ್ಕೆ. ಇಷ್ಟು ವರ್ಷ ಯಾರದೋ ಬೆನ್ನ ಹಿಂದೆ ಕೂತೇ ಊರು ನೋಡಿದವಳು ನಾನು. ಚಿಕ್ಕವಳಿದ್ದಾಗ ನಿನ್ನ ಬೆನ್ನು, ಮದುವೆಯಾದ ಮೇಲೆ ಇವರ ಬೆನ್ನು. ಕಾಲಿಗೆ ಹುಣ್ಣಾಗಿರುವ ಅಜ್ಜಿಯೊಬ್ಬಳು ಕಿಟಕಿಯಿಂದ ನೋಡಿ "ನೀನೇ ಓಡಿಸ್ಕೊಂಡು ಬಂದ್ಯಾ?" ಎಂದು ಕೇಳಿದಳು. ನಾನೇ ಎಂದೆ. ಅವಳು ಎದ್ದು ಕೂತಳು. ವಾರದಿಂದ ಎದ್ದು ಕೂತಿರಲಿಲ್ಲವಂತೆ.

ತೋಳು ನೋಯುತ್ತದೆ. ಸಂಜೆ ಬಿಸಿನೀರು ಹಾಕಿಕೊಳ್ಳುತ್ತೇನೆ. ಅದೂ ಹಿತವಾಗಿದೆ.

ಇವರನ್ನು ಕೇಳಿದೆ. ನಿನ್ನಿಷ್ಟ ಎಂದರು.

ನಿನ್ನ ಡ್ರೈವರ್ ಮಗಳು

* * *

ಮಾರ್ಚ್ ೧೪

ಮಗಳೇ,

ನಿನ್ನ ಕಾಗದವನ್ನು ಟಯರ್ ಅಂಗಡಿಯವನಿಗೆ, ನನ್ನ ಹಳೆಯ ಕಂಡಕ್ಟರನಿಗೆ, ಕೇಳದಿದ್ದರೂ ನಿಮ್ಮತ್ತೆಗೆ, ಎಲ್ಲರಿಗೂ ಓದಿ ಹೇಳಿದೆ. ಕಂಡಕ್ಟರ್ "ರಕ್ತದಲ್ಲೇ ಇದೆ" ಎಂದ. ನನಗೆ ಎದೆ ಉಬ್ಬಿತು.

ಮುಂದಿನ ಚಕ್ರಗಳಿಗೆ ದಪ್ಪ ಟಯರ್ ಹಾಕಿಸಬೇಡ, ಇನ್ನೂ ಭಾರವಾಗುತ್ತದೆ. ಹೆಬ್ಬೆರಳನ್ನು ಸ್ಟಿಯರಿಂಗಿನ ಒಳಕ್ಕೆ ತೂರಿಸಿ ಹಿಡಿಯಬೇಡ. ಗುಂಡಿಗೆ ಇಳಿದಾಗ ಅದು ಒದೆಯುತ್ತದೆ, ಬೆರಳು ಮುರಿಯುತ್ತದೆ. ಇನ್ನೇನಾದರೂ ಬೇಕಾದರೆ ಕೇಳು. ಈ ಒಂದು ವಿಷಯದಲ್ಲಾದರೂ ನಾನು ಕಿವುಡನಲ್ಲ.

ಅಪ್ಪ

* * *

ಜುಲೈ ೨

ಅಪ್ಪಾ,

ನಾಲ್ಕು ತಿಂಗಳು ಬರೆಯಲಿಲ್ಲ. ನೀನು ಎರಡು ಕಾರ್ಡು ಹಾಕಿದೆ, ಎರಡಕ್ಕೂ ಉತ್ತರ ಇಲ್ಲ. ಗಾಡಿ ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ.

ಇವರು ವ್ಯಾಯಾಮ ಬಿಟ್ಟಿದ್ದಾರೆ. ಯಾವಾಗ ಬಿಟ್ಟರೆಂದು ನನಗೆ ಗೊತ್ತಾಗಿದ್ದು ಹೋದ ವಾರ. ಆಸ್ಪತ್ರೆಯಲ್ಲಿ ವ್ಯಾಯಾಮದ ಡಾಕ್ಟರಮ್ಮ ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ನಿಮ್ಮನೆಯವರು ಯಾಕೆ ಬರ್ತಿಲ್ಲ? ಮಾರ್ಚಿಂದ ಒಂದ್ಸಲಾನೂ ಬಂದಿಲ್ಲ" ಎಂದಳು. ಪ್ರತಿ ಮಂಗಳವಾರ ಮನೆಯಿಂದ ಹೋಗುತ್ತಿದ್ದರಲ್ಲ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಗಾಡಿ ತಗೊಂಡ್ರಂತಲ್ಲ, ಪವರ್ ಸ್ಟಿಯರಿಂಗ್ ಇರೋದು ತಾನೆ? ಅವರು ಅದೇ ಹೇಳ್ತಿದ್ರು."

ಅಪ್ಪಾ, ಇವರ ಬಲಗೈ ಹಿಡಿಯುತ್ತದೆ, ಆದರೆ ಎಳೆಯುವುದಿಲ್ಲ. ಲೋಟ ಹಿಡಿಯುತ್ತದೆ, ಬಾಗಿಲು ಎಳೆಯುವುದಿಲ್ಲ. ಹೆಗಲಿನ ನರ ಎಳೆದುಹೋಗಿದೆ, ಪೂರ್ತಿ ಹರಿದಿಲ್ಲ. ನರ ಮತ್ತೆ ಚಿಗುರಿ ಬರುವವರೆಗೆ ಮಾಂಸಖಂಡವನ್ನು ಎಚ್ಚರವಾಗಿ ಇಟ್ಟುಕೊಳ್ಳಬೇಕು. ಇಟ್ಟುಕೊಳ್ಳದಿದ್ದರೆ, ನರ ಬಂದರೂ ಬಾಗಿಲು ತೆಗೆಯುವವರು ಇರುವುದಿಲ್ಲ. ಹಗುರವಾದ ಸ್ಟಿಯರಿಂಗ್ ಇದ್ದರೆ ಈ ಕೈಯಲ್ಲೇ ಓಡಿಸಬಹುದು, ಬಲಗೈ ಸುಮ್ಮನೆ ಹಿಡಿದಿರಲಿ, ಎಡಗೈ ತಿರುಗಿಸಲಿ, ಓಡಿಸುವುದೇ ಅದಕ್ಕೆ ವ್ಯಾಯಾಮ ಎಂದು ಡಾಕ್ಟರಮ್ಮ ಇವರಿಗೆ ಹೇಳಿದ್ದಳಂತೆ. ಇವರು ನನಗೆ ಹೇಳಿರಲಿಲ್ಲ.

ಹೇಳಿರಲಿಲ್ಲ, ನಿಜ. ಆದರೆ ಜನವರಿಯಲ್ಲಿ ಒಂದು ಮಧ್ಯಾಹ್ನ ನಾನು ಬೇಗ ಮನೆಗೆ ಬಂದಿದ್ದೆ. ಇವರು ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳವನ್ನು ಗೋಡೆಗೆ ಒತ್ತಿ ಹಿಡಿದು ಎರಡೂ ಕೈಯಲ್ಲಿ ತಿರುಗಿಸುತ್ತಿದ್ದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಬಾಯಲ್ಲಿ ಸಣ್ಣಗೆ ಇಂಜಿನ್ನಿನ ಸದ್ದು ಮಾಡುತ್ತಿದ್ದರು. ನಾನು ಹಿಂದೆ ಸರಿದು, ಚಪ್ಪಲಿ ಸದ್ದು ಮಾಡಿಕೊಂಡು ಮತ್ತೆ ಬಂದೆ. ಆ ಸದ್ದು ಏನೆಂದು ನನಗೆ ಆಗಲೇ ಗೊತ್ತಾಗಿತ್ತು. ಇಂಥ ಕೈಗಳನ್ನು ಆಸ್ಪತ್ರೆಯಲ್ಲಿ ಎಷ್ಟೋ ನೋಡಿದ್ದೇನೆ, ಇದಕ್ಕೆ ಮತ್ತೆ ಬಲ ಬರುವುದಿಲ್ಲ ಎಂದುಕೊಂಡೆ. ನರ್ಸುಗಳಿಗೆ ಇದೊಂದು ಜಾಡ್ಯ.

ಈಗ ನಾವಿಬ್ಬರೂ ಎಲ್ಲಿಗಾದರೂ ಹೋದರೆ ಇವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಮುಂದೆ ಬನ್ನಿ ಎಂದರೆ, "ಇಲ್ಲೇ ಕಾಲು ಚಾಚೋಕೆ ಜಾಗ ಇದೆ" ಎನ್ನುತ್ತಾರೆ. ಕನ್ನಡಿಯಲ್ಲಿ ನೋಡಿದರೆ ಕಿಟಕಿಯಾಚೆ ನೋಡುತ್ತಿರುತ್ತಾರೆ. ಕೋಪವಿಲ್ಲ. ಕೋಪವಿದ್ದಿದ್ದರೆ ಜಗಳವಾಡಬಹುದಿತ್ತು.

ಮಗಳು

* * *

ಜುಲೈ ೧೦

ಮಗಳೇ,

ನಾನು ಕೇಳಿದ್ದೆ. ಅಳಿಯಂದಿರು ಏನೆನ್ನುತ್ತಾರೆ ಎಂದು ಕಾಗದದ ಕೊನೆಯಲ್ಲಿ ಕೇಳಿದ್ದೆ. ನೀನು ಉತ್ತರ ಬರೆಯುವ ಮೊದಲೇ ಗಾಡಿ ಮನೆ ಮುಂದೆ ನಿಂತಿತ್ತು.

ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕೊನೆಯಲ್ಲಿ ಕೇಳಿದ್ದು ನಾನು. ಮೊದಲು ಕೇಳಬೇಕಿತ್ತು, ಆಮೇಲೆ ಪಂಪು, ಪೈಪು ಎಲ್ಲ. ಯಾರಾದರೂ ಸ್ಟಿಯರಿಂಗಿನ ವಿಷಯ ಎತ್ತಿದರೆ ನನಗೆ ಮೈಮೇಲೆ ಬಂದ ಹಾಗಾಗುತ್ತದೆ, ಎದುರಿಗಿರುವವರು ಕಾಣುವುದಿಲ್ಲ. ಬೋರ್ಡು ಬರೆಯುವವರ ಬಲಗೈ ಹೋಗಿದೆ ಎಂದು ನನಗೆ ಗೊತ್ತಿತ್ತು. ಅಂಥ ಮನೆಗೆ ನಾನು ಗಟ್ಟಿ ಸ್ಟಿಯರಿಂಗಿನ ಗುಣಗಾನ ಬರೆದು ಕಳಿಸಿದೆ.

ಅವರಿಗೇ ಬೇರೆ ಕಾಗದ ಹಾಕಿದ್ದೇನೆ. ಏನು ಬರೆದೆ ಎಂದು ಕೇಳಬೇಡ.

ಔಷಧದಂಗಡಿಯ ಗಾಡಿ ಇನ್ನೂ ಇದೆಯಾ, ವಿಚಾರಿಸು.

ಅಪ್ಪ

* * *

ಜುಲೈ ೨೮

ಮಾವನವರಿಗೆ,

ಎಡಗೈ ಬರಹ. ಊರಿಗೆಲ್ಲ ಅಕ್ಷರ ಬರೆದುಕೊಟ್ಟವನ ಅಕ್ಷರ ಹೀಗೆ ಕುಂಟುತ್ತಿದೆ, ಮನ್ನಿಸಿ. ಈ ಒಂದು ಹಾಳೆಗೆ ಮೂರು ದಿನ ಹಿಡಿಯಿತು.

ನೀವು ಕ್ಷಮೆ ಕೇಳಿದ್ದೀರಿ. ಹಿರಿಯರು ಹಾಗೆ ಕೇಳಬಾರದು, ನನಗೆ ಮುಜುಗರವಾಯಿತು. ಗಾಡಿಯ ವಿಷಯದಲ್ಲಿ ನೀವು ಬರೆದದ್ದೆಲ್ಲ ಸರಿ. ಔಷಧದಂಗಡಿಯ ಗಾಡಿಯ ಅಡಿಯಲ್ಲಿ ಎಣ್ಣೆಯ ಕಲೆ ಇದ್ದದ್ದನ್ನು ನಾನೂ ಕಂಡಿದ್ದೆ. ಕಾಲಿಂದ ಮಣ್ಣು ಎಳೆದು ಮುಚ್ಚಿದೆ. ಇದನ್ನು ಅವಳಿಗೆ ಹೇಳಿಲ್ಲ.

ಅವಳು ಹೊರಗೆ ಓಡಾಡುವವಳು, ನಾನು ಅಟ್ಟಣಿಗೆಯ ಮೇಲೆ ಕೂತು ಬರೆಯುವವನು. ಮದುವೆಯಾದಾಗಿನಿಂದ ಹಗಲು ಒಟ್ಟಿಗೆ ಕಳೆದದ್ದು ಅವಳನ್ನು ಸ್ಕೂಟರಿನಲ್ಲಿ ಬಿಡುವಾಗ ಮಾತ್ರ. ಬಿದ್ದ ಮೇಲೆ ಹಾಸಿಗೆಯಲ್ಲಿ ಮಲಗಿ ಒಂದು ಲೆಕ್ಕ ಹಾಕಿದ್ದೆ. ಬೋರ್ಡು ಹೋಯಿತು, ಹೋಗಲಿ. ನಾನು ಗಾಡಿ ಓಡಿಸುವುದು. ಅವಳು ಒಳಗೆ ಪಟ್ಟಿ ಕಟ್ಟುವಾಗ ನಾನು ಗಾಡಿಯನ್ನು ನೆರಳಿಗೆ ಹಾಕಿಕೊಂಡು ಕಾಯುವುದು. ಮಧ್ಯಾಹ್ನ ಡಬ್ಬಿ ಬಿಚ್ಚಿ ಇಬ್ಬರೂ ಗಾಡಿಯಲ್ಲೇ ಊಟ ಮಾಡುವುದು. ಕೈ ಸ್ವಲ್ಪ ಬರಲಿ, ಆಮೇಲೆ ಹೇಳೋಣ ಎಂದು ಹೇಳದೇ ಉಳಿದೆ. ಬಾರದೇ ಹೋದರೆ ನಗೆಪಾಟಲು.

ಗಾಡಿ ಕೊಳ್ಳುವ ದಿನ ಇಬ್ಬರೂ ಎರಡು ಗಾಡಿಗಳ ನಡುವೆ ನಿಂತಿದ್ದೆವು. ಅವಳು ನನ್ನ ಕಡೆ ತಿರುಗಿ, "ಏನಂತೀರಿ?" ಎಂದಳು. ಚೆನ್ನಾಗಿಯೇ ಕೇಳಿದಳು. ಆದರೆ ಮೇಷ್ಟರ ಗಾಡಿಯ ಕೀ ಆಗಲೇ ಅವಳ ಮುಷ್ಟಿಯಲ್ಲಿತ್ತು. ಕೀಗೆ ಕಟ್ಟಿದ ಕೆಂಪು ದಾರ ಬೆರಳ ಸಂದಿಯಿಂದ ಕಾಣುತ್ತಿತ್ತು. ನಿನ್ನಿಷ್ಟ ಎಂದೆ.

ಅವಳು ಗಾಡಿ ಓಡಿಸುವುದನ್ನು ನೀವು ನೋಡಬೇಕು ಮಾವ. ತಿರುವಿನಲ್ಲಿ ನಾಲಿಗೆ ತುದಿ ಕಚ್ಚಿಕೊಳ್ಳುತ್ತಾಳೆ. ಇಷ್ಟು ಖುಷಿಯಾಗಿ ಅವಳನ್ನು ನಾನು ನೋಡಿಲ್ಲ. ಅದನ್ನು ಕಿತ್ತುಕೊಳ್ಳುವುದು ಹೇಗೆ? ಹಿಂದೆ ಕೂತರೆ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತದೆ, ಅವಳು ನೋಡಿದಾಗ ನಾನು ಹೊರಗೆ ನೋಡುತ್ತೇನೆ.

ತಪ್ಪು ನಿಮ್ಮದಲ್ಲ. ಅವಳದ್ದೂ ಅಲ್ಲ ಎಂದು ಬರೆಯಬೇಕೆಂದಿದ್ದೆ. ಎಡಗೈ ಇನ್ನೂ ಅಷ್ಟು ಪಳಗಿಲ್ಲ.

ನಿಮ್ಮ ಅಳಿಯ

* * *

ಆಗಸ್ಟ್ ೮

ಮಗಳೇ,

ಔಷಧದಂಗಡಿಯ ಗಾಡಿ ಮಾರಿಹೋಗಿದೆ ಎಂದು ಬರೆದಿದ್ದೀಯ. ಹೋಗಲಿ. ನಿಮ್ಮ ಗಾಡಿಗೇ ಪವರ್ ಹಾಕಬಹುದು.

ನಾನೂ ಕಂಡಕ್ಟರನೂ ಎರಡು ವಾರದಿಂದ ಗುಜರಿ ಅಂಗಳಗಳನ್ನು ಸುತ್ತುತ್ತಿದ್ದೇವೆ. ನಿನ್ನೆ ಅದೇ ಮಾದರಿಯ ಗಾಡಿ ಸಿಕ್ಕಿತು. ಹಿಂದಿನಿಂದ ಲಾರಿ ಗುದ್ದಿ ಅರ್ಧವಾಗಿದೆ, ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಚಕ್ರ ತಿರುಗಿಸುವ ಕೆಳಗಿನ ಉದ್ದನೆಯ ದಂಡ, ಪಂಪು, ಬೆಲ್ಟು ಸುತ್ತುವ ಗಾಲಿ, ಎಲ್ಲ ಬಿಚ್ಚಿಸಿದೆ. ಪೈಪುಗಳನ್ನು ಮಾತ್ರ ಹೊಸದೇ ತಂದಿದ್ದೇನೆ. ನಿಮ್ಮತ್ತೆ ಗೋಣಿಚೀಲಕ್ಕೆ ಎರಡು ಕಡೆ ಹಿಡಿ ಹೊಲಿದುಕೊಟ್ಟಿದ್ದಾಳೆ. "ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತಾರೆ, ನೀನು ಗುಜರಿ ಹೊತ್ಕೊಂಡು ಹೋಗ್ತೀಯ" ಎಂದಳು.

ಹದಿನೆಂಟಕ್ಕೆ ಬರುತ್ತೇನೆ, ಬಸ್ಸಿನಲ್ಲಿ. ಒಳ್ಳೆಯ ಮೆಕ್ಯಾನಿಕ್ ಒಬ್ಬನನ್ನು ನೋಡಿಡು. ನಾನು ಮೊದಲು ಬರೆದದ್ದೆಲ್ಲ ಮರೆತುಬಿಡು. ಪವರ್ ಒಳ್ಳೆಯದು.

ಅಪ್ಪ

* * *

ಅಕ್ಟೋಬರ್ ೫

ಅಪ್ಪಾ,

ನೀನು ಹೋಗಿ ತಿಂಗಳಾಯಿತು. ನೀನಿದ್ದಾಗ ಮನೆಯಲ್ಲಿ ಎಲ್ಲರೂ ಕೂಗಿ ಕೂಗಿ ಮಾತಾಡುತ್ತಿದ್ದೆವು. ಹೋದ ಮೇಲೆ ಮನೆ ತೀರ ಮೆಲ್ಲಗಾಗಿದೆ.

ಪವರ್ ಕೂರಿಸಿದ ಮೇಲೂ ನಿನ್ನೆದುರು ಇವರು ಸ್ಟಿಯರಿಂಗ್ ಹಿಡಿಯಲಿಲ್ಲ, "ಇನ್ನೊಂದಿನ ನೋಡೋಣ ಮಾವ" ಎಂದು ನಿನ್ನ ಕಿವಿಗೆ ಕೂಗಿದರು. ನೀನು ತಲೆಯಾಡಿಸಿ ಬಸ್ ಹತ್ತಿದೆ. ನಿನಗೆ ಬೇಜಾರಾಗಿದ್ದು ನನಗೂ ಕಂಡಿತು, ಇವರಿಗೂ ಕಂಡಿತು. ಸೋತರೆ ಹಿರಿಯರ ಕಣ್ಣೆದುರು ಬೇಡ ಎಂದು ಹಾಗೆ ಮಾಡಿದರು.

ಹೋದ ಭಾನುವಾರ ತಾವಾಗಿಯೇ ಕೇಳಿದರು. "ನಡಿ, ಗೋದಾಮಿನ ಹಿಂದೆ ಜಾಗ ಖಾಲಿ ಇರುತ್ತೆ." ನಾನು ಕೀ ಕೊಟ್ಟೆ. ದಾರಿಯಲ್ಲಿ ನಾನೇ ಓಡಿಸಿದೆ, ಅಲ್ಲಿ ಹೋಗಿ ಜಾಗ ಬದಲಿಸಿದೆವು. ಎಡಗೈಯಿಂದ ಬಲಗೈಯನ್ನು ಎತ್ತಿ ಸ್ಟಿಯರಿಂಗಿನ ಮೇಲೆ ಇಟ್ಟರು, ಮಗುವನ್ನು ತೊಟ್ಟಿಲಲ್ಲಿ ಇಡುವ ಹಾಗೆ. ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಕೀ ತಿರುಗಿಸಿದರು, ಗಾಡಿ ಹೊರಟಿತು. ನೇರ ದಾರಿಯಲ್ಲಿ ಸರಿಯಾಗಿಯೇ ಹೋಯಿತು ಅಪ್ಪಾ. ಇವರ ಮುಖದಲ್ಲಿ ಆ ಹಳೆಯ ಕಳೆ, ಸ್ಕೂಟರಿನಲ್ಲಿ ನನ್ನನ್ನು ಹೆದರಿಸಲು ಜೋರಾಗಿ ಹೋಗುವಾಗ ಇರುತ್ತಿತ್ತಲ್ಲ, ಅದು ಬಂತು.

ತಿರುವಿನಲ್ಲಿ ಗೇರಿಗೆಂದು ಎಡಗೈ ತೆಗೆದರು. ಬಲಗೈ ಜಾರಿ ಮಡಿಲಿಗೆ ಬಿತ್ತು. ಮತ್ತೆ ಎತ್ತಿ ಇಟ್ಟರು. ಮತ್ತೆ ಬಿತ್ತು. ಲೋಟ ಹಿಡಿಯುತ್ತಿದ್ದ ಕೈ ಅದು. ಈಗ ಅದನ್ನೂ ಹಿಡಿಯುವುದಿಲ್ಲವೆಂದು ನಾನು ಅಲ್ಲಿಯೇ ಕಂಡುಕೊಂಡೆ. ಮನೆಯಲ್ಲಿ ಎಡಗೈಯಲ್ಲೇ ಕುಡಿಯುತ್ತಾರೆ, ನಾನು ಗಮನಿಸಿಯೇ ಇಲ್ಲ. ಗಾಡಿ ಮೆಲ್ಲಗೆ ಹೋಗಿ ಮರಳ ಗುಡ್ಡೆಗೆ ಮೂಗು ತಾಗಿಸಿ ನಿಂತಿತು. ನಮಗೇನೂ ಆಗಲಿಲ್ಲ, ಗಾಡಿಗೂ ಆಗಲಿಲ್ಲ.

ಇಂಜಿನ್ನು ಆರಿಸಿದರು. ಆಮೇಲೆ ಎಡಗೈಯ ಒಂದು ಬೆರಳಲ್ಲಿ ಸ್ಟಿಯರಿಂಗನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿ, "ಮಾವ ಒಳ್ಳೆ ಸಾಮಾನು ತಂದಿದ್ದಾರೆ. ತುಂಬ ಹಗುರ ಇದೆ ಕಣೆ" ಎಂದು ಇಳಿದರು.

ಡಾಕ್ಟರಮ್ಮನನ್ನು ಕೇಳಿದೆ. ತೋಳು ಅಳೆದು ನೋಡಿದಳು, ಬಹಳ ಸೊರಗಿದೆ ಎಂದಳು. ಮಾರ್ಚಿನಲ್ಲೇ ಗಾಡಿ ಓಡಿಸಿದ್ದರೆ ಕೈ ಬರುತ್ತಿತ್ತಾ ಎಂದು ಕೇಳಿದೆ. "ಹೇಳೋಕಾಗಲ್ಲ" ಎಂದಳು. ಖಂಡಿತ ಬರುತ್ತಿತ್ತು ಎಂದಿದ್ದರೆ ಅತ್ತು ಹಗುರಾಗುತ್ತಿದ್ದೆ. ಖಂಡಿತ ಬರುತ್ತಿರಲಿಲ್ಲ ಎಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಹೇಳೋಕಾಗಲ್ಲ ಎಂಬುದನ್ನು ಇಟ್ಟುಕೊಂಡು ಏನು ಮಾಡಲಿ?

ಮಗಳು

* * *

ಅಕ್ಟೋಬರ್ ೧೪

ಮಗಳೇ,

ನಿನ್ನ ಕಾಗದವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ. ಪವರ್ ಹೇಗಿದೆ ಎಂದು ಕಂಡಕ್ಟರ್ ಕೇಳಿದ. ಚೆನ್ನಾಗಿದೆಯಂತೆ ಎಂದೆ.

ಅವನು ನಂಬಿದ. ನಿಮ್ಮತ್ತೆ ನಂಬಲಿಲ್ಲ. ಮಿಷನ್ನು ತುಳಿಯುತ್ತಲೇ "ಆ ಹುಡುಗ ಊಟ ಮಾಡ್ತಾನಂತಾ?" ಎಂದು ಕೇಳಿದಳು. ಅವಳು ತುಟಿ ಆಡಿಸಿದ್ದನ್ನು ನೋಡಿ ತಿಳಿದುಕೊಂಡೆ. ಅದಕ್ಕೆ ಉತ್ತರ ನಿನ್ನ ಕಾಗದದಲ್ಲಿ ಇರಲಿಲ್ಲ. ಬರೆ.

ಅಪ್ಪ

* * *

ಡಿಸೆಂಬರ್ ೩

ಅಪ್ಪಾ,

ಊಟ ಮಾಡುತ್ತಾರೆ ಎಂದು ಅತ್ತೆಗೆ ಹೇಳು. ಕೆಲಸಕ್ಕೂ ಹೋಗುತ್ತಿದ್ದಾರೆ. ಪೇಟೆಯ ಪೇಂಟ್ ಅಂಗಡಿಯಲ್ಲಿ. ಬಂದವರು "ಒಂಥರಾ ಹಸಿರು, ಆದರೆ ಅಷ್ಟು ಹಸಿರಲ್ಲ" ಎಂದರೆ ಯಾವ ಬಣ್ಣಕ್ಕೆ ಯಾವುದು ಎಷ್ಟು ಬೆರೆಸಬೇಕೆಂದು ಇವರು ಹೇಳುತ್ತಾರೆ, ಬೇರೆಯವರು ಬೆರೆಸುತ್ತಾರೆ. ಅಂಗಡಿಯವರಿಗೆ ಇವರೆಂದರೆ ಗೌರವ. ಸಂಜೆ ಬಂದು ಗಿರಾಕಿಗಳ ಹಾಗೆ ಮಾತಾಡಿ ತೋರಿಸುತ್ತಾರೆ, ನಾನು ನಗುತ್ತೇನೆ. ಹಿಂದಿನ ಹಾಗೆಯೇ ಇದೆ ಎಂದು ಯಾರಾದರೂ ಅಂದುಕೊಳ್ಳಬಹುದು.

ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಬಿಡುತ್ತೇನೆ ಎಂದರೆ, "ನಿನಗೆ ಸುತ್ತಾಗುತ್ತೆ, ರೋಗಿಗಳು ಕಾಯ್ತಿರ್ತಾರೆ" ಎನ್ನುತ್ತಾರೆ. ಸುತ್ತೇನೂ ಇಲ್ಲ, ಅದೇ ರಸ್ತೆ. ಇಬ್ಬರಿಗೂ ಗೊತ್ತು.

ಮನೆಯಿಂದ ಇವರು ಮೊದಲು ಹೊರಡುತ್ತಾರೆ. ನಾನು ಚೀಲ ತುಂಬಿಕೊಂಡು ಹೊರಟು ಬಸ್ ಸ್ಟಾಪಿನ ಹತ್ತಿರ ಬರುವಷ್ಟರಲ್ಲಿ ಸಾಲಿನಲ್ಲಿ ನಿಂತಿರುತ್ತಾರೆ. ಬಲಗೈ ಪ್ಯಾಂಟಿನ ಜೇಬಿನಲ್ಲಿರುತ್ತದೆ. ನನ್ನ ಗಾಡಿ ಕಂಡ ಕೂಡಲೇ ಎಡಗೈ ಎತ್ತುತ್ತಾರೆ, ಪರಿಚಯದವರಿಗೆ ಎತ್ತುವ ಹಾಗೆ. ನಾನೂ ಎತ್ತುತ್ತೇನೆ, ಮುಂದೆ ಹೋಗುತ್ತೇನೆ. ಗಾಡಿ ಈಗ ಬೆರಳಲ್ಲಿ ತಿರುಗುತ್ತದೆ ಅಪ್ಪಾ. ಆ ರಸ್ತೆಯ ತಿರುವಿನಲ್ಲಿ ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ನನಗೆ ಆ ಹಳೆಯ ಭಾರ ಬೇಕಿತ್ತು ಅನ್ನಿಸುತ್ತದೆ. ತೋಳು ನೋಯಬೇಕಿತ್ತು.

ಇವತ್ತು ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆನೋ, ಯೋಚಿಸಿರಲಿಲ್ಲ. ಮುಂದಿನ ಬಾಗಿಲು ತೆಗೆದು "ಬನ್ನಿ" ಎಂದೆ. ಸಾಲಿನಲ್ಲಿ ಇದ್ದವರೆಲ್ಲ ನೋಡುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂದು ಹಾರ್ನ್ ಹೊಡೆಯಿತು. ಇವರು ಬಾಗಿ, ಎಡಗೈಯಿಂದ ಬಾಗಿಲು ಮೆಲ್ಲಗೆ ಮುಚ್ಚಿದರು. ಕಿಟಕಿಯಲ್ಲಿ ಮುಖ ಇಟ್ಟು, ನಗುತ್ತಲೇ, "ಹೋಗು, ಬಸ್ಸಿಗೆ ಜಾಗ ಬಿಡು" ಎಂದರು.

ಹೋದೆ. ಆ ಕಾಲುಹುಣ್ಣಿನ ಅಜ್ಜಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಇಳಿದು ಪಟ್ಟಿ ಕಟ್ಟಿದೆ.

ನಿನ್ನ ಮಗಳು

* * *

ಡಿಸೆಂಬರ್ ೧೧

ಮಗಳೇ,

ಹಿಂದಿನಿಂದ ಹಾರ್ನ್ ಹೊಡೆದ ಡ್ರೈವರನನ್ನು ಬೈಯಬೇಡ. ಸ್ಟಾಪಿನಲ್ಲಿ ಕಾರು ನಿಂತರೆ ನಾನೂ ಹೊಡೆಯುತ್ತಿದ್ದೆ. ಆ ಕಾರಿನ ಬಾಗಿಲಲ್ಲಿ ಯಾರು ಬಾಗಿ ನಿಂತಿದ್ದಾರೆ, ಏನು ಮಾತಾಡುತ್ತಿದ್ದಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ.

ಬುದ್ಧಿ ಹೇಳಬಾರದು ಎಂದು ತೀರ್ಮಾನಿಸಿಕೊಂಡು ಕೂತೆ. ಹೇಳದೇ ಇರಲು ಆಗುತ್ತಿಲ್ಲ, ಒಂದೇ ಒಂದು. ಸ್ಟಾಪಿಗೆ ಸ್ವಲ್ಪ ಮೊದಲೇ, ಬಸ್ಸಿಗೆ ಅಡ್ಡವಾಗದ ಹಾಗೆ ಬದಿಗೆ ಹಾಕು. ಇಂಜಿನ್ನು ಆರಿಸು. ಹಾರ್ನ್ ಹೊಡೆಯಬೇಡ, ಕರೆಯಬೇಡ. ಅವರ ಬಸ್ಸು ಬಂದು ಹೋಗುವವರೆಗೆ ನಿಂತಿರು, ಆಮೇಲೆ ನಿನ್ನ ದಾರಿ ಹಿಡಿ. ನಾಳೆಯೂ ನಿಲ್ಲು.

ಅವರು ಹತ್ತುತ್ತಾರೆ ಎಂದು ನಾನು ಹೇಳುತ್ತಿಲ್ಲ.

ಅಪ್ಪ